‘ವರ್ನಿಯರ್ ಇಲ್ಲೆ’: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಲಾಗಿದೆ. ಮಾತಿನ ಉದಾಹರಣೆಗಳನ್ನು ಮಾತ್ರ ಮುಟ್ಟಿಲ್ಲ. ಅವನ್ನು ಬದಲಿಸಿದರೆ ಪ್ರಕರಣವೇ ಉಳಿಯುವುದಿಲ್ಲ.

ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಯ ಹುಡುಗ, ವಯಸ್ಸು 20. ಡಿಪ್ಲೊಮಾ ಮುಗಿಸಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ಅಪ್ರೆಂಟಿಸ್ ಆಗಿದ್ದ; ವಾಸ ನೆಲಮಂಗಲದ ಪಿಜಿಯಲ್ಲಿ. ದೀಪಾವಳಿಗೆ ಊರಿಗೆ ಬಂದವನು ವಾಪಸ್ ಹೋಗುವುದಿಲ್ಲ ಎಂದು ಕುಳಿತ. ಕರೆತಂದ ಅಪ್ಪನಿಗೆ ಇದ್ದ ಅನುಮಾನ ಬೇರೆ: ಮಗನಿಗೆ ತೊದಲು ಶುರುವಾಗಿದೆ, ಯಾವ ಡಾಕ್ಟರಿಗೆ ತೋರಿಸಬೇಕು?

ಹುಡುಗ ಹೇಳಿದ ಘಟನೆ ಇದು. ಒಂದು ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಸೂಪರ್‌ವೈಸರ್ ವರ್ನಿಯರ್ (ಅಳತೆಯ ಉಪಕರಣ) ಕೇಳಿದರು. ಇವನು ಗಡಿಬಿಡಿಯಲ್ಲಿ ಮನೆಯ ಭಾಷೆಯಲ್ಲೇ ‘ವರ್ನಿಯರ್ ಇಲ್ಲೆ’ ಅಂದ. ಹವ್ಯಕರ ಮನೆಮಾತಾದ ಹವಿಗನ್ನಡದಲ್ಲಿ ‘ಇಲ್ಲೆ’ ಎಂದರೆ ಇಲ್ಲ. ನೆಲಮಂಗಲದ ಕಿವಿಗೆ ಅದು ‘ಇಲ್ಲೇ’, ಅಂದರೆ ಇದೇ ಜಾಗದಲ್ಲಿ. ಸೂಪರ್‌ವೈಸರ್ ಮೇಜಿನ ಡ್ರಾಯರು, ಟೂಲ್ ಟ್ರೇ ಎಲ್ಲ ತಡಕಾಡಿದರು. ಸಿಗದಿದ್ದಾಗ ಬೈದರು. ಅವತ್ತಿನಿಂದ ಇವನ ಅಡ್ಡಹೆಸರು ‘ಇಲ್ಲೆ’. ಮುಂದಿನ ವಾರ ಕ್ವಾಲಿಟಿ ವಿಭಾಗದ ಮೇಡಂ ಬಂದದ್ದನ್ನು ‘ಮೇಡಂ ಬಂತು’ ಎಂದು ತಿಳಿಸಿದ. ಹವಿಗನ್ನಡದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕದಲ್ಲೇ ಬರುತ್ತದೆ, ಹೆತ್ತ ತಾಯಿಯೂ ‘ಬಂತು’. ಅಲ್ಲಿ ಅಗೌರವದ ಸುಳಿವೂ ಇಲ್ಲ. ಆ ಮೇಡಂಗೆ ಮಾತ್ರ ತನ್ನನ್ನು ದನ ಕರುವಿನ ಲೆಕ್ಕಕ್ಕೆ ಸೇರಿಸಿದ ಹಾಗಾಯಿತು.

ಪಿಜಿಯಲ್ಲಿ ಇನ್ನೊಂದು ತರಹ. ಆಯಿ (ಅಮ್ಮ) ಫೋನಿನಲ್ಲಿ ‘ಮಾಣಿ, ಊಟ ಆತಾ’ ಎನ್ನುವುದು ಸ್ಪೀಕರಿನಲ್ಲಿ ಕೇಳಿಸಿತು. ಶಿರಸಿಯಲ್ಲಿ ಮಾಣಿ ಎಂದರೆ ಹುಡುಗ. ಬೆಂಗಳೂರಿನ ಸುತ್ತಮುತ್ತ ಮಾಣಿ ಎಂದರೆ ಹೋಟೆಲಿನಲ್ಲಿ ಬಡಿಸುವವನು. ರೂಮಿನವರು ಒಂದು ಕಾಫಿ, ಎರಡು ಇಡ್ಲಿ ಆರ್ಡರ್ ಕೊಟ್ಟರು. ಆಮೇಲೆ ಆತ ಮನೆಯ ಕರೆಗಳನ್ನು ತಾರಸಿಗೆ ಹೋಗಿ ಎತ್ತತೊಡಗಿದ. ಕೊನೆಗೆ ಎತ್ತುವುದನ್ನೇ ಬಿಟ್ಟ.

ಮೊದಲ ಭೇಟಿಯಲ್ಲಿ ಸಲಹೆ ಕೊಡಲಿಲ್ಲ. ತಿಳಿಯಬೇಕಾದದ್ದು ಮೂರು ಇದ್ದವು. ಶಿರಸಿ ಪೇಟೆಯ ಅಂಗಡಿಯಲ್ಲೂ ಬಾಯಿ ಕಟ್ಟುತ್ತದೆಯೇ? ಇಲ್ಲ, ಅಲ್ಲಿ ಸಲೀಸು. ಎಲ್ಲ ಕಡೆಯೂ ಕಟ್ಟುತ್ತದೆ ಎಂದಿದ್ದರೆ ಅದು ಉಚ್ಚಾರದ ವಿಷಯವಲ್ಲ, ಸಾಮಾಜಿಕ ಆತಂಕ ಎಂದು ಬೇರೆ ದಾರಿ ಹಿಡಿಯಬೇಕಾಗುತ್ತಿತ್ತು. ನಿದ್ದೆ, ಊಟ, ಸಾಯುವ ಯೋಚನೆ? ನಿದ್ದೆ ಕೆಟ್ಟಿತ್ತು, ಉಳಿದದ್ದು ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಲಾಯಿತು. ರಾತ್ರಿ ಶಿಫ್ಟಿನವರಿಗೆ ಹಗಲೂ ರಾತ್ರಿ ಸಿಗುವ ಸಂಖ್ಯೆ ಬೇಕು.

ಮೂರನೆಯದು ಅಪ್ಪನ ಅನುಮಾನ. ಎರಡು ನಿಮಿಷ ಮನೆಯ ಭಾಷೆಯಲ್ಲಿ ತೋಟದ ಕೊಯ್ಲಿನ ಬಗ್ಗೆ, ಎರಡು ನಿಮಿಷ ಆಫೀಸು ಕನ್ನಡದಲ್ಲಿ ಒಂದು ಶಿಫ್ಟಿನ ಬಗ್ಗೆ ಮಾತಾಡಿಸಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಲಾಯಿತು. ತೊದಲಿನಲ್ಲಿ ಸಾಮಾನ್ಯವಾಗಿ ಪದದ ಮೊದಲ ಸದ್ದು ಮರುಕಳಿಸುತ್ತದೆ ಅಥವಾ ಎಳೆಯುತ್ತದೆ, ಉಸಿರು ತಡೆಯುತ್ತದೆ, ಕೆಲವರಿಗೆ ಕಣ್ಣು ಬಿಗಿಯುತ್ತದೆ; ಮನೆ ಭಾಷೆಯಲ್ಲೂ ಎಷ್ಟೋ ಸಲ ಕಾಣುತ್ತದೆ. ಹಾಗೆ ಕಂಡಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುವುದೇ ಸರಿ. ಇವನಿಗೆ ಕೊಯ್ಲಿನ ಕಥೆಯಲ್ಲಿ ಒಂದು ತಡೆಯೂ ಇಲ್ಲ. ಶಿಫ್ಟಿನ ಕಥೆಯಲ್ಲಿ ತಡೆಯೆಲ್ಲ ಒಂದೇ ಜಾಗದಲ್ಲಿ: ವಾಕ್ಯದ ಕೊನೆಯಲ್ಲಿ. ‘ಆಮೇಲೆ ಮಶೀನ್ ಆನ್…’ ಎಂದು ನಿಂತು, ಉಳಿದದ್ದನ್ನು ನುಂಗುತ್ತಿದ್ದ.

ಇದಕ್ಕೆ ಕಾರಣ ಸರಳ, ಆದರೆ ಅವನಿಗೆ ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ. ಯಾರು, ಗಂಡೋ ಹೆಣ್ಣೋ, ಎಷ್ಟು ಮರ್ಯಾದೆ ಎಂಬ ಲೆಕ್ಕವೆಲ್ಲ ಆ ಬಾಲದಲ್ಲಿದೆ. ಶಿರಸಿ ಸೀಮೆಯ ಹವಿಗನ್ನಡಕ್ಕೂ ಬೆಂಗಳೂರು ಸುತ್ತಿನ ಕನ್ನಡಕ್ಕೂ ಹೆಚ್ಚಿನ ತಿಕ್ಕಾಟ ಅಲ್ಲೇ. ‘ಆನು ಮಾಡ್ತಿ’ ಎಂದರೆ ಮನೆಯಲ್ಲಿ ‘ನಾನು ಮಾಡ್ತೇನೆ’. ನೆಲಮಂಗಲದಲ್ಲಿ ಅದು ‘ನೀನು ಮಾಡ್ತೀಯ’ ಎಂದು ಕೇಳಿಸುತ್ತದೆ. ‘ಅಲ್ಲಿ ಇದ್ದು’ ಎಂದರೆ ‘ಅಲ್ಲಿ ಇದೆ’. ಅಲ್ಲಿಯವರು ‘ಇದ್ದು… ಆಮೇಲೆ ಏನಾಯ್ತು?’ ಎಂದು ಕಾಯುತ್ತಾರೆ. ಒಮ್ಮೆ ನಗು ಕೇಳಿದ ಮೇಲೆ ಹುಡುಗನ ಮನಸ್ಸು ಪ್ರತಿ ವಾಕ್ಯದ ತುದಿಯಲ್ಲೂ ಕಾವಲು ಕೂತಿತು. ಬಾಲ ನುಂಗಿದ್ದು ಅದಕ್ಕೆ. ಕೇಳುವವರಿಗೆ ಮಾತ್ರ ‘ಇವನಿಗೆ ಕೆಲಸ ಗೊತ್ತಿಲ್ಲ’ ಎನ್ನಿಸುತ್ತದೆ, ಇಡೀ ತೊಂದರೆಯಲ್ಲಿ ನಿಜವಾದ ನಷ್ಟ ಅದೇ.

ಕೊಟ್ಟ ಮೊದಲ ಸಲಹೆ: ಉಚ್ಚಾರ ತಿದ್ದಲು ಹೋಗಬೇಡ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕು. ಎಡಕ್ಕೆ ಅರ್ಥ ಕೆಡಿಸಿದ ಮಾತು, ಬಲಕ್ಕೆ ಬರೀ ನಗು ತಂದ ಮಾತು. ಕೆಲಸಕ್ಕೆ ಮರಳಿದ ಎರಡು ವಾರಕ್ಕೆ ಎಡಗಡೆ ಸೇರಿದ್ದು ಆರೇ ಆರು, ಬಲಗಡೆ ಪುಟ ತುಂಬಿತ್ತು. ಎಂತ, ಹೌದಾ ಮಾರಾಯ, ಎಳೆದು ಹೇಳುವ ಪ್ರಶ್ನೆ, ಇವೆಲ್ಲ ಬಲಕ್ಕೆ. ಬಲಗಡೆಯದನ್ನು ಮುಟ್ಟುವ ಅಗತ್ಯವೇ ಇಲ್ಲ. ಎಡಗಡೆಯ ಆರನ್ನು ಮಾತ್ರ ಕೆಲಸದ ಜಾಗದಲ್ಲಿ ಬದಲಿಸಿದರೆ ಸಾಕು: ಇಲ್ಲೆ ಅಲ್ಲ, ಇಲ್ಲ, ಇದ್ದು ಅಲ್ಲ, ಇದೆ, ಬಂತು ಅಲ್ಲ, ಬಂದ್ರು, ಹೀಗೆ.

ಅಭ್ಯಾಸ ದಿನಕ್ಕೆ 10 ನಿಮಿಷ. ಶಿಫ್ಟಿನಲ್ಲಿ ನಿಜವಾಗಿ ಬೇಕಾಗುವ ಮೂರು ವಾಕ್ಯ ತೆಗೆದುಕೊಂಡು ತುದಿಯವರೆಗೆ ಗಟ್ಟಿಯಾಗಿ ಹೇಳುವುದು. ‘ಮಶೀನ್ ಆನ್ ಮಾಡಿದ್ದೀನಿ. ವರ್ನಿಯರ್ ಇಲ್ಲ, ಸ್ಟೋರ್ ಅಲ್ಲಿ ಕೇಳ್ತೀನಿ. ಮೇಡಂ ಬಂದ್ರು.’ ವೇಗ ಬೇಡ, ಬಾಲ ಸ್ಪಷ್ಟವಿದ್ದರೆ ಆಯಿತು. ಕನ್ನಡಿ ಮುಂದೆ ನಿಂತು ಹೇಳುವ ಅಭ್ಯಾಸವನ್ನು ಇಂಥವರಿಗೆ ನಾವು ಹೇಳುವುದಿಲ್ಲ. ಮೊದಲೇ ತನ್ನನ್ನೇ ಕಾಯುತ್ತಿರುವವನಿಗೆ ಇನ್ನೊಬ್ಬ ಕಾವಲುಗಾರನನ್ನು ಕೊಟ್ಟ ಹಾಗೆ.

ಮೂರನೇ ವಾರ ಒಂದು ಎಡವಟ್ಟಾಯಿತು. ಬೇಗ ಬೆರೆಯಬೇಕೆಂದು ಹುಡುಗ ಅಲ್ಲಿಯವರ ‘ಐತೆ’, ‘ಬಂದವ್ನೆ’, ‘ಏನ್ಲಾ’ ಎತ್ತಿಕೊಂಡ, ‘ಹೋಗು’ ಬಿಟ್ಟು ‘ಓಗು’ ಎಂದ. ನೆಲಮಂಗಲದ ಒಬ್ಬ ಸಹೋದ್ಯೋಗಿ ‘ನಮ್ಮನ್ನ ಆಡ್ಕೋತೀಯಾ?’ ಎಂದು ಗದರಿದ. ಹೊರಗಿನವನ ಬಾಯಲ್ಲಿ ಸ್ಥಳೀಯ ಮಾತು ಅಣಕದಂತೆ ಕೇಳಿಸುವುದೇ ಹೆಚ್ಚು. ಪುಸ್ತಕದ ‘ಇದೆ’ ಸಪ್ಪೆ, ಆದರೆ ಯಾರಿಗೂ ನೋವಾಗುವುದಿಲ್ಲ. ಹಾಗಾಗಿ ಅದಕ್ಕೇ ಮರಳಲು ಹೇಳಲಾಯಿತು.

ಆ ಗದರಿಕೆಯ ಹಿಂದಿನದ್ದೂ ತಿಳಿದಿರಬೇಕು. ಮಹಾನಗರದ ಅಂಚಿನ ಪೇಟೆಯವರು ಎರಡು ಕಡೆಯಿಂದ ಒತ್ತಡಕ್ಕೆ ಸಿಕ್ಕವರು. ಹೊಲ ಲೇಔಟ್ ಆಗುತ್ತಿದೆ, ಪಿಜಿಗಳಲ್ಲಿ ಹತ್ತು ಜಿಲ್ಲೆಗಳ ಜನ. ಅದೇ ಹುಡುಗರು ತುಮಕೂರು ರಸ್ತೆಯ ಬಸ್ಸಿನಲ್ಲಿ ದಾಸರಹಳ್ಳಿ, ಯಶವಂತಪುರ ದಾಟಿ ಸಂದರ್ಶನಕ್ಕೆ ಹೋದರೆ ಅವರ ‘ಐತೆ’ಗೂ ‘ಯಾವ ಹಳ್ಳಿ?’ ಎಂಬ ಪ್ರಶ್ನೆ ಬರುತ್ತದೆ. ಇವನ ರೂಮಿನವನೇ ಒಂದು ರಾತ್ರಿ ಇದನ್ನು ಹೇಳಿಕೊಂಡ: ಮಾಲ್‌ನಲ್ಲಿ ಕೆಲಸ ಕೇಳಲು ಹೋದಾಗ ಬಸ್ಸಿನಲ್ಲೇ ‘ಇದೆ, ಇದೆ’ ಎಂದು ಬಾಯಿಪಾಠ ಮಾಡಿದ್ದನಂತೆ. ಇದರಿಂದ ಗೇಲಿ ಸರಿಯಾಗುವುದಿಲ್ಲ. ಆದರೆ ಗೇಲಿ ಮಾಡುವವರು ‘ಸರಿಯಾದ ಕನ್ನಡ’ದ ಮಾಲೀಕರು ಎಂಬ ಭ್ರಮೆ ಹುಡುಗನಿಗೆ ಬಿಟ್ಟಿತು.

ಗೇಲಿಗೆ ಒಂದೇ ವಾಕ್ಯದ ಉತ್ತರ ಸಿದ್ಧ ಮಾಡಿಸಲಾಯಿತು: ‘ನಮ್ಮ ಕಡೆ ಹಂಗಂದ್ರೆ ಇಲ್ಲ ಅಂತ. ಸ್ಟೋರ್ ಅಲ್ಲಿ ನೋಡಿ ಬರ್ಲಾ?’ ಅರ್ಥ ಹೇಳಿ ಕೂಡಲೇ ಕೆಲಸಕ್ಕೆ ಬರುವುದು. ತಾನೇ ಮೊದಲು ನಕ್ಕು ತನ್ನನ್ನು ಹಳಿದುಕೊಂಡರೆ ಅಡ್ಡಹೆಸರು ಗಟ್ಟಿಯಾಗುತ್ತದೆ, ತಿರುಗಿ ಬೈದರೆ ಆಟ ಬೆಳೆಯುತ್ತದೆ. ‘ಆ ಹೆಸರಲ್ಲಿ ಕರೀಬೇಡಿ’ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಬೇಕು. ನಿಲ್ಲಿಸಿದರೆ ಅದು ತಮಾಷೆಯಾಗಿತ್ತು. ನಿಲ್ಲಿಸದಿದ್ದರೆ ತಾರೀಕು, ಹೊತ್ತು, ಆಡಿದ ಮಾತು, ಪಕ್ಕದಲ್ಲಿದ್ದವರನ್ನು ಬರೆದಿಟ್ಟು ಅಪ್ರೆಂಟಿಸ್‌ಗಳ ಉಸ್ತುವಾರಿಗೆ ಲಿಖಿತವಾಗಿ ಕೊಡಬೇಕು. ಹಾಗೆ ಕರೆಯುತ್ತಿದ್ದ ಮೂವರಲ್ಲಿ ಇಬ್ಬರು ನಿಲ್ಲಿಸಿದರು.

ಫೋನಿನ ಅಂಜಿಕೆ ಬಿಡಿಸಲು ಹಂತಗಳನ್ನು ಹಾಕಲಾಯಿತು: ತಾರಸಿ, ತಾರಸಿಯ ಬಾಗಿಲು, ಮೆಟ್ಟಿಲು, ಕಾರಿಡಾರ್, ಕೊನೆಗೆ ರೂಮು. ಮನೆ ಭಾಷೆಯಲ್ಲೇ ದಿನಕ್ಕೊಂದು ಕರೆ, ಕನಿಷ್ಠ ಐದು ನಿಮಿಷ. ಶುರುವಿಗೂ ಮುಗಿಸುವಾಗಲೂ ಅಂಜಿಕೆಗೆ 0ಯಿಂದ 10ರವರೆಗೆ ಅಂಕ. ಅಂಕ ಅರ್ಧಕ್ಕೆ ಇಳಿಯುವವರೆಗೆ ಮುಂದಿನ ಜಾಗಕ್ಕೆ ಹೋಗುವಂತಿಲ್ಲ. ಇಲ್ಲಿ ಕೆಡುವುದು ಒಂದೇ ಕಡೆ: ಅಂಜಿಕೆ ಏರಿದಾಗಲೇ ‘ಆಮೇಲೆ ಮಾಡ್ತಿ’ ಎಂದು ಇಟ್ಟುಬಿಡುವುದು. ಹಾಗೆ ಇಟ್ಟಾಗ ಸಿಗುವ ನಿರಾಳವೇ ಮರುದಿನದ ಅಂಜಿಕೆಗೆ ಗೊಬ್ಬರ. ಮೆಟ್ಟಿಲಿನಲ್ಲಿ ಹೀಗೆ ಎರಡು ಸಲ ಆಯಿತು, ಒಂದು ವಾರ ಹಿಂದೆ ಬಿತ್ತು.

ಮನೆಯವರಿಗೂ ಕೆಲಸ ಇತ್ತು. ‘ಇಂಗ್ಲಿಷಿನಲ್ಲೇ ಮಾತಾಡು, ಎಲ್ಲ ಸುಮ್ಮನಾಗ್ತಾರೆ’ ಎಂಬ ಅಪ್ಪನ ಉಪಾಯವನ್ನು ಕೈಬಿಡಿಸಲಾಯಿತು. ಶಾಪ್ ಫ್ಲೋರಿನಲ್ಲಿ ಅದು ಜಂಬ ಎನಿಸಿಕೊಂಡು ಹುಡುಗನನ್ನು ಇನ್ನೂ ಒಂಟಿ ಮಾಡುತ್ತದೆ. ‘ಮಾಣಿ’ ಎಂದು ಕರೆಯುವುದನ್ನು ಬಿಡಲೇ ಎಂದು ಆಯಿ ಕೇಳಿದರು. ಬಿಡಬೇಡಿ ಎಂದೆವು. ಅಜ್ಜಿಗೆ ಹೇಳಿದ್ದು: ರಾತ್ರಿ ಬಸ್ಸಿಳಿದು ಬಂದ ಮೊದಲ ಅರ್ಧ ದಿನ ಬಾಯಲ್ಲಿ ಎರಡು ಕನ್ನಡ ಕಲಸಿರುತ್ತದೆ, ಆಗ ‘ಪ್ಯಾಟೆ ಮಾತು ಕಲಿತೆ’ ಎಂದು ಹಿಡಿಯಬೇಡಿ. ಅಲ್ಲಿ ನಗುತ್ತಾರೆ, ಇಲ್ಲೂ ನಕ್ಕರೆ ಹುಡುಗನಿಗೆ ಮಾತಾಡಲು ಜಾಗವೇ ಇಲ್ಲ.

ಐದು ಭೇಟಿಗಳಲ್ಲಿ ಎರಡು ಶಿರಸಿಯಲ್ಲಿ, ಮೂರು ಫೋನಿನಲ್ಲಿ ನಡೆದವು. ಕೆಲಸ ಬಿಟ್ಟಿಲ್ಲ. ಫೋನು ಕಾರಿಡಾರಿನವರೆಗೆ ಬಂದಿದೆ, ಅಂಕ 4; ರೂಮಿನೊಳಗೆ ಇನ್ನೂ ಬಂದಿಲ್ಲ. ಒಬ್ಬ ಈಗಲೂ ‘ಇಲ್ಲೆ’ ಎಂದೇ ಕರೆಯುತ್ತಾನೆ, ಅದರ ಟಿಪ್ಪಣಿ ಉಸ್ತುವಾರಿಯ ಮೇಜಿನಲ್ಲಿದೆ. ಕೊನೆಯ ಕರೆಯಲ್ಲಿ ಹುಡುಗ ಹೊಸ ತಕರಾರು ತಂದಿದ್ದ. ಸಂಕ್ರಾಂತಿಗೆ ಮನೆಗೆ ಹೋದಾಗ, ತೋಟದಿಂದ ಆಯಿ ಬರುವುದನ್ನು ನೋಡಿ ‘ಬಂದ್ರು’ ಅಂದನಂತೆ. ನೆಂಟರು ಯಾರೋ ಬಂದರೆಂದು ಅಜ್ಜಿ ಒಳಗೆ ಹೋಗಿ ಚಾಕ್ಕೆ ನೀರಿಟ್ಟರು.