ಐಎನ್‌ಸಿ ಲಿಸ್ಟಿನಲ್ಲಿ ಹೆಸರಿಲ್ಲದ ನರ್ಸಿಂಗ್ ಕಾಲೇಜಿಗೆ ತಂಗಿಯನ್ನು ಸೇರಿಸಬಹುದಾ?

ನಿಮ್ಮ ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತೇನೆ ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಐಎನ್‌ಸಿ, ಅಂದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಹೆಸರೇ ಸಿಗುತ್ತಿಲ್ಲ. ಈ ವಾರ ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಹೋಗುತ್ತದಂತೆ. ಸೇರಿಸಬಹುದಾ ಎಂದು ಕೇಳಿದ್ದೀರಿ.

ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಹಾಗಂತ ಕಾಲೇಜು ನಕಲಿ ಅಂತಲೂ ಈಗಲೇ ತೀರ್ಮಾನ ಮಾಡಬೇಡಿ. ಐಎನ್‌ಸಿ ಲಿಸ್ಟಿನಲ್ಲಿ ಹೆಸರಿಲ್ಲ ಅನ್ನುವುದಕ್ಕೆ ಕರ್ನಾಟಕದಲ್ಲಿ ಬೇರೆ ಕಾರಣವೂ ಇದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಡಿಪ್ಲೊಮಾ ಆದವರಿಗಿರುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವಳು. ಸುತ್ತಮುತ್ತಲಿನ ಕಾಲೇಜುಗಳ ಮಕ್ಕಳು ನಮ್ಮ ವಾರ್ಡಿಗೇ ಪೋಸ್ಟಿಂಗ್‌ಗೆ, ಅಂದರೆ ಕೆಲಸ ಕಲಿಯಲು ಬರುತ್ತಾರೆ. ಹಾಗಾಗಿ ಯಾವ ಕಾಲೇಜು ಏನು ಕಲಿಸುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ.

"ನಿಮ್ಮ ಕಾಲೇಜಿಗೆ ಮಾನ್ಯತೆ ಇದೆಯಾ?" ಎಂದು ಕೇಳಿದರೆ ಯಾರೇ ಆದರೂ "ಇದೆ" ಅಂತಲೇ ಹೇಳುತ್ತಾರೆ. ಎಂದೋ ಒಂದು ವರ್ಷ, ಯಾವುದೋ ಒಂದು ಕೋರ್ಸಿಗೆ ಸಿಕ್ಕಿರುತ್ತದೆ, ಅಷ್ಟೇ ಸಾಕು ಹಾಗೆ ಹೇಳುವುದಕ್ಕೆ. ನೀವು ಕೇಳಬೇಕಾದದ್ದು ಹೀಗೆ: ಬಿಎಸ್ಸಿ ನರ್ಸಿಂಗ್‌ಗೆ, ಈ ಶೈಕ್ಷಣಿಕ ವರ್ಷಕ್ಕೆ, ಎಷ್ಟು ಸೀಟಿಗೆ, ಯಾರು ಅನುಮತಿ ಕೊಟ್ಟಿದ್ದಾರೆ? ಆದೇಶದ ಕಾಪಿ ಎಲ್ಲಿ? ಈ ನಾಲ್ಕು ವಿಷಯವೂ ಒಂದೇ ಕಾಗದದಲ್ಲಿ ಇರಬೇಕು. ಬಿಎಸ್ಸಿಗೆ ಸಿಕ್ಕ ಅನುಮತಿ ಜಿಎನ್‌ಎಂಗೆ ಆಗುವುದಿಲ್ಲ. ಹೋದ ವರ್ಷದ್ದು ಈ ವರ್ಷಕ್ಕೆ ಆಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಖಾಸಗಿ ಬಿಎಸ್ಸಿ ಕಾಲೇಜುಗಳಲ್ಲಿ ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಜಯನಗರದಲ್ಲಿದೆ, ಎಲ್ಲರೂ ಆರ್‌ಜಿಯುಎಚ್‌ಎಸ್ ಅನ್ನುತ್ತಾರೆ. ಪರೀಕ್ಷೆ ನಡೆಸುವುದೂ ಡಿಗ್ರಿ ಕೊಡುವುದೂ ಅದೇ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಆದರೆ ಪರೀಕ್ಷೆ ನಡೆಸುವುದು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಕೋರ್ಸ್ ಯಾವುದೇ ಇರಲಿ, ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ರಿಜಿಸ್ಟ್ರೇಷನ್ ಆಗಬೇಕು. ಅದಿಲ್ಲದೆ ಮಾರ್ಕ್ಸ್ ಕಾರ್ಡ್ ಎಷ್ಟು ಚೆನ್ನಾಗಿದ್ದರೂ ನಿಮ್ಮ ತಂಗಿ ನರ್ಸ್ ಆಗುವುದಿಲ್ಲ.

ಈಗ ಐಎನ್‌ಸಿ ವಿಷಯ. ಅದು 1947ರ ಕಾಯ್ದೆಯಿಂದ ಬಂದ ಸಂಸ್ಥೆ. ಮೊದಲು ಅದರ ಲಿಸ್ಟಿನಲ್ಲಿ ಹೆಸರಿದ್ದರೆ ಮಾತ್ರ ಕಾಲೇಜಿಗೆ ಬೆಲೆ ಅಂತ ಎಲ್ಲರೂ ನಂಬಿದ್ದರು. ಇದು ಕೋರ್ಟಿಗೆ ಹೋಯಿತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಐಎನ್‌ಸಿಗೆ ಇಲ್ಲ, ಅದು ರಾಜ್ಯದ ಪರಿಷತ್ತು ಮತ್ತು ವಿಶ್ವವಿದ್ಯಾಲಯದ ಕೆಲಸ ಎಂದು 2017ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹಾಗಾಗಿ ಇಲ್ಲಿನ ಸರಿಯಾದ ಕಾಲೇಜಿನ ಹೆಸರೂ ಐಎನ್‌ಸಿ ಲಿಸ್ಟಿನಲ್ಲಿ ಇಲ್ಲದಿರಬಹುದು. ಆಗ ಇಲ್ಲಿ ಓದುತ್ತಿದ್ದ ಕೇರಳದ ಮಕ್ಕಳ ಮನೆಯವರಿಗೆ ಆದ ಗಾಬರಿ ಅಷ್ಟಿಷ್ಟಲ್ಲ. ತಮ್ಮ ರಾಜ್ಯದಲ್ಲಿ ಕೆಲಸ ಸಿಗುತ್ತದೋ ಇಲ್ಲವೋ ಅನ್ನುವುದೇ ಅವರ ಚಿಂತೆ. ಇದರ ಮೇಲೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಿದೆ, ಹಳೆಯ ಕಾಯ್ದೆಯ ಬದಲಿಗೆ. ಹೀಗಾಗಿ ಐಎನ್‌ಸಿ ಲಿಸ್ಟ್ ಒಂದನ್ನೇ ನೋಡಿ ಹೂಂ ಅನ್ನುವುದೂ ತಪ್ಪು, ಬೇಡ ಅನ್ನುವುದೂ ತಪ್ಪು.

ಹಾಗಾದರೆ ಐಎನ್‌ಸಿ ಹೆಸರು ಇಲ್ಲದಿದ್ದರೂ ಪರವಾಗಿಲ್ವಾ? ಇದ್ದರೆ ಒಳ್ಳೆಯದು. ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ನಾರ್‌ಸೆಟ್ ಪರೀಕ್ಷೆಯ ಪ್ರಕಟಣೆಯಲ್ಲಿ ಐಎನ್‌ಸಿ ಅಥವಾ ರಾಜ್ಯ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆ ಅಂತ ಕೇಳುತ್ತಾರೆ, ಅಲ್ಲಿಗೆ ರಾಜ್ಯ ಪರಿಷತ್ತಿನದು ಸಾಕು. ಆದರೆ ಎಲ್ಲ ಕಡೆಯೂ ಹೀಗೇ ಬರೆದಿರುವುದಿಲ್ಲ. ತಂಗಿಗೆ ಮುಂದೆ ಬೇರೆ ರಾಜ್ಯಕ್ಕೋ ವಿದೇಶಕ್ಕೋ ಹೋಗುವ ಆಸೆ ಇದ್ದರೆ, ಅಲ್ಲಿ ಏನು ಕೇಳುತ್ತಾರೆ ಎಂದು ಈಗಲೇ ನೋಡಿಕೊಳ್ಳಿ. ಐಎನ್‌ಸಿ ಇಲ್ಲದಿರುವುದನ್ನು ಲೆಕ್ಕ ಹಾಕಿ ಒಪ್ಪಿಕೊಳ್ಳಬಹುದು. ವಿಶ್ವವಿದ್ಯಾಲಯದ ಅಫಿಲಿಯೇಷನ್ (ಕಾಲೇಜು ತನ್ನ ಅಡಿ ಸೇರಿದೆ ಅನ್ನುವ ಅನುಮತಿ), ರಾಜ್ಯ ಪರಿಷತ್ತಿನ ಮಾನ್ಯತೆ ಎರಡರಲ್ಲಿ ಒಂದಿಲ್ಲ ಅಂದರೂ ಆ ಕಾಲೇಜಿನ ಕಡೆ ತಿರುಗಿಯೂ ನೋಡಬೇಡಿ.

ಹುಡುಕುವಾಗ ಕಾಲೇಜಿನ ಹೆಸರನ್ನು ಅಕ್ಷರ ಬಿಡದೆ ಹೋಲಿಸಿ. ಒಂದೇ ಟ್ರಸ್ಟ್, ಒಂದೇ ಬಿಲ್ಡಿಂಗ್, ಒಳಗೆ ಎರಡು ಮೂರು ಬೋರ್ಡು ಇರುತ್ತವೆ. ಒಂದು "ಕಾಲೇಜ್ ಆಫ್ ನರ್ಸಿಂಗ್", ಇನ್ನೊಂದು "ಇನ್‌ಸ್ಟಿಟ್ಯೂಟ್ ಆಫ್ ನರ್ಸಿಂಗ್ ಸೈನ್ಸಸ್", ಮತ್ತೊಂದು "ಸ್ಕೂಲ್ ಆಫ್ ನರ್ಸಿಂಗ್". ಅನುಮತಿ ಒಂದಕ್ಕೆ, ಅಡ್ಮಿಷನ್ ಇನ್ನೊಂದರಲ್ಲಿ. ರಸೀದಿ ಯಾವ ಹೆಸರಿನಲ್ಲಿ ಕೊಡುತ್ತಾರೆ ಅನ್ನುವುದನ್ನೂ ನೋಡಿ. ಕಾಲೇಜು ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಆರ್‌ಜಿಯುಎಚ್‌ಎಸ್ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಆಗ ಯುಜಿಸಿ ಪಟ್ಟಿಯಲ್ಲಿ ವಿಶ್ವವಿದ್ಯಾಲಯವನ್ನೂ ರಾಜ್ಯ ಪರಿಷತ್ತಿನಲ್ಲಿ ಕೋರ್ಸನ್ನೂ ನೋಡಬೇಕು. ನ್ಯಾಕ್ ಗ್ರೇಡ್, ಐಎಸ್‌ಒ ಸರ್ಟಿಫಿಕೇಟ್ ಅಂತ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ನರ್ಸ್ ರಿಜಿಸ್ಟ್ರೇಷನ್‌ಗೂ ಅವಕ್ಕೂ ಸಂಬಂಧವಿಲ್ಲ.

ಸೀಟಿನ ಲೆಕ್ಕ ಕೇಳಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ನಮ್ಮ ವಾರ್ಡಿಗೆ ಒಬ್ಬ ಹುಡುಗಿ ಬರುತ್ತಿದ್ದಳು, ಜಿಎನ್‌ಎಂ ಮೊದಲ ವರ್ಷ. ಬಹಳ ಚುರುಕು. ಬಿಪಿ ನೋಡುವಾಗ ಕಫ್ ಸರಿಯಾಗಿ ಕಟ್ಟಿದೆಯಾ ಅಂತ ಎರಡು ಸಲ ನೋಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಅವಳಿಗೂ ಇನ್ನು ಕೆಲವರಿಗೂ ಹಾಲ್ ಟಿಕೆಟ್ ಬರಲಿಲ್ಲ. ಕಾಲೇಜಿಗೆ ಅನುಮತಿ ಇತ್ತು, ಸುಳ್ಳಲ್ಲ. ಆದರೆ ಮಂಜೂರಾದ ಸೀಟಿಗಿಂತ ಜಾಸ್ತಿ ಮಕ್ಕಳನ್ನು ಸೇರಿಸಿಕೊಂಡಿದ್ದರು. ಜಾಸ್ತಿಯಾದವರ ಹೆಸರು ಮಂಡಳಿಗೆ ಹೋಗಿರಲೇ ಇಲ್ಲ. ಕಟ್ಟಿದ ಫೀಸು ವಾಪಸ್ ಕೇಳಲು ಅವಳ ಅಪ್ಪ ಕೂಲಿ ಬಿಟ್ಟು ಓಡಾಡಿದರು. ಅವಳ ಒಂದು ವರ್ಷ ಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ತಂಗಿ ಎಲ್ಲೇ ಸೇರಲಿ, ಅಡ್ಮಿಷನ್ ಆದ ಮೇಲೆ ವಿಶ್ವವಿದ್ಯಾಲಯದ ರಿಜಿಸ್ಟ್ರೇಷನ್ ನಂಬರ್ ಬಂತಾ ಎಂದು ಬಿಡದೆ ಕೇಳಿ. ಪರೀಕ್ಷೆವರೆಗೂ ಕಾಯಬೇಡಿ.

ಕಾಗದ ಎಲ್ಲ ಸರಿ ಇದ್ದರೆ, ಆಸ್ಪತ್ರೆ ನೋಡಲು ಹೋಗಿ. ಕಾಲೇಜಿನ ಕಟ್ಟಡವನ್ನಲ್ಲ, ಮಕ್ಕಳನ್ನು ಪೋಸ್ಟಿಂಗ್‌ಗೆ ಕಳಿಸುವ ಆಸ್ಪತ್ರೆಯನ್ನು. ಐಎನ್‌ಸಿ ನಿಯಮದ ಪ್ರಕಾರ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಇರಬೇಕು. ಬೆಳಿಗ್ಗೆ ಎಂಟು, ಒಂಬತ್ತು ಗಂಟೆ ಹೊತ್ತಿಗೆ ಹೋದರೆ ಗೊತ್ತಾಗುತ್ತದೆ. ಹಾಸಿಗೆಗಳ ಮೇಲೆ ರೋಗಿಗಳಿದ್ದಾರಾ? ಮಕ್ಕಳ ಜೊತೆ ಕಾಲೇಜಿನ ಟ್ಯೂಟರ್ ಬಂದಿದ್ದಾರಾ, ಅಥವಾ ಮಕ್ಕಳನ್ನು ಬಸ್ಸಿನಿಂದ ಇಳಿಸಿ ಹೋಗಿಬಿಟ್ಟರಾ? ಕೆಲವು ಕಾಲೇಜಿನ ಮೂರನೇ ವರ್ಷದ ಮಕ್ಕಳು ಡ್ರಿಪ್ ಸೆಟ್ಟಿನಲ್ಲಿ ಗಾಳಿ ತೆಗೆಯಲು ಗೊತ್ತಿಲ್ಲದೆ ನನ್ನ ಮುಖ ನೋಡುತ್ತಾರೆ. ತಾವು ನೋಡಿದ, ಮಾಡಿಸಿದ ಹೆರಿಗೆಗಳನ್ನು ಬರೆಯಬೇಕಾದ ಮಿಡ್‌ವೈಫರಿ ಕೇಸ್ ಬುಕ್ ಮಾತ್ರ ಭರ್ತಿ, ಲೇಬರ್ ರೂಮಿನ ರಿಜಿಸ್ಟರ್ ನೋಡಿ ಬರೆದದ್ದು. ಅದು ಆ ಮಕ್ಕಳ ತಪ್ಪಲ್ಲ. ಅವರನ್ನು ಯಾರೂ ಕೈ ಹಿಡಿದು ಮಾಡಿಸಿಲ್ಲ.

ಯೂನಿಫಾರ್ಮ್ ಹಾಕಿರುವ ಎರಡನೇ, ಮೂರನೇ ವರ್ಷದ ಹುಡುಗಿಯರನ್ನು ನಿಮ್ಮ ತಂಗಿಯೇ ಮಾತನಾಡಿಸಲಿ. "ಅಕ್ಕಾ, ಹಾಲ್ ಟಿಕೆಟ್ ಸರಿಯಾಗಿ ಕೊಡ್ತಾರಾ? ಫೀಸು ಆಮೇಲೆ ಜಾಸ್ತಿ ಮಾಡಿದ್ರಾ?" ಅಂತ. ಪ್ರಿನ್ಸಿಪಾಲ್ ಹೇಳದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳುತ್ತಾರೆ.

"ಕ್ಲಾಸಿಗೆ ಬರದಿದ್ರೂ ನಡೆಯುತ್ತೆ, ಪರೀಕ್ಷೆಗೆ ಬಂದ್ರೆ ಸಾಕು" ಅಂತ ಏಜೆಂಟ್ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಹಾಜರಿ ಬೇಕು, ಪ್ರಾಕ್ಟಿಕಲ್ ಪೂರ್ತಿ ಮುಗಿಸದೆ ಡಿಗ್ರಿ ಇಲ್ಲ.

ಇನ್ನು ಅರ್ಜಿ. ತಂಗಿ ಸಿಇಟಿ ಬರೆದಿದ್ದರೆ ಮೊದಲು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದಾರಿಯನ್ನೇ ಹಿಡಿಯಿರಿ. ಸರ್ಕಾರಿ ಕೋಟಾದ ಬಿಎಸ್ಸಿ ನರ್ಸಿಂಗ್ ಸೀಟುಗಳು ಅಲ್ಲೇ ಹಂಚಿಕೆ ಆಗುತ್ತವೆ, ಫೀಸೂ ಕಡಿಮೆ. ಬೆಂಗಳೂರಿನ ಫೋರ್ಟ್ ಸರ್ಕಾರಿ ನರ್ಸಿಂಗ್ ಕಾಲೇಜಿನಂಥ ಕಡೆ ಸಿಕ್ಕರೆ ಈ ಚಿಂತೆ ಯಾವುದೂ ಇರುವುದಿಲ್ಲ. ನಿಮ್ಹಾನ್ಸ್ ಬಿಎಸ್ಸಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಮತ್ತು ಇಂಗ್ಲಿಷ್ ಸೇರಿ 45 ಪರ್ಸೆಂಟ್ ಬಂದಿದೆಯಾ ನೋಡಿಕೊಳ್ಳಿ, ಎಸ್‌ಸಿ, ಎಸ್‌ಟಿ ಆದರೆ 40.

ಮ್ಯಾನೇಜ್‌ಮೆಂಟ್ ಸೀಟೇ ಆಗಬೇಕು ಅಂದರೆ ಏಜೆಂಟ್ ಕೈಗೆ, ಅವರ ಫೋನ್‌ಪೇಗೆ ಹಾಕಬೇಡಿ. ಕಾಲೇಜಿನ ಬ್ಯಾಂಕ್ ಖಾತೆಗೇ ಹಾಕಿ, ನಾಲ್ಕು ವರ್ಷದ ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಬಿಟ್ಟರೆ ಎಷ್ಟು ವಾಪಸ್ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಹತ್ತನೇ ತರಗತಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತನ್ನಿ, ಜೆರಾಕ್ಸ್ ಕೊಡಿ. ಒರಿಜಿನಲ್ ಅವರ ಕಪಾಟಿಗೆ ಸೇರಿದರೆ ಮುಂದೆ ಕಾಲೇಜು ಬಿಡಬೇಕೆಂದರೂ ಬಿಡಲಾಗುವುದಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಈ ವರ್ಷದ ಅಫಿಲಿಯೇಷನ್ ಆದೇಶವನ್ನೂ ರಾಜ್ಯ ಪರಿಷತ್ತಿನ ಪತ್ರವನ್ನೂ ವಾಟ್ಸಾಪ್‌ನಲ್ಲಿ ಕಳಿಸಿ ಎಂದು ಕಾಲೇಜಿನ ಆಫೀಸಿಗೇ ಹೇಳಿ. ಇರುವವರು ಕಳಿಸುತ್ತಾರೆ. ಬಂದ ಕಾಪಿಯನ್ನು ಜಯನಗರದ ಆರ್‌ಜಿಯುಎಚ್‌ಎಸ್ ಆಫೀಸಿನಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, ಆದರೆ ಉತ್ತರಕ್ಕೆ 30 ದಿನ ಬೇಕಾಗಬಹುದು, ಅಡ್ಮಿಷನ್ ಸಮಯದಲ್ಲಿ ಅಷ್ಟು ಕಾಯಲು ಆಗುವುದಿಲ್ಲ ಅಲ್ವಾ. ಹೋಗಿ ಕೇಳುವುದೇ ಮೇಲು. ಸಿಕ್ಕ ಆದೇಶದಲ್ಲಿ ಏನಾದರೂ ಅರ್ಥವಾಗದಿದ್ದರೆ ಕಾಲೇಜಿನ ಹೆಸರು ಮರೆಮಾಡಿ ಇಲ್ಲೇ ಹಾಕಿ, ಡ್ಯೂಟಿ ಮುಗಿಸಿ ಬಂದು ನೋಡಿ ಹೇಳುತ್ತೇನೆ.