ಕೋಲಾರದಲ್ಲಿ ಮನೆ ಮಾಡೋದಾ, ಅಪ್ ಅಂಡ್ ಡೌನಾ?

ಮೇಷ್ಟ್ರೇ, ನಿಮ್ಮ ಹಾವೇರಿ ಕಡೆ ‘ಸರ’ ಅಂತಾರೆ, ನಮ್ಮಲ್ಲಿ ಪಾಠ ಹೇಳೋರೆಲ್ಲ ಮೇಷ್ಟ್ರೇ. ಡಿಗ್ರಿ ಕಾಲೇಜಾದ್ರೂ ಅಷ್ಟೆ, ಬೇಜಾರು ಮಾಡ್ಕೋಬೇಡಿ.

ಕೋಲಾರಕ್ಕೆ ವರ್ಗ ಆಗಿದೆ, ‘ಊರಲ್ಲಿ ಏನಿದೆ, ಬೆಂಗಳೂರಿನ ಕೆ.ಆರ್. ಪುರದಲ್ಲಿ ಮನೆ ಮಾಡಿ ಓಡಾಡಿಕೊಂಡಿರಿ’ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳ್ತಿದ್ದಾರೆ, ಹೆಂಡತಿ ಮಕ್ಕಳನ್ನ ಎಲ್ಲಿ ಇಡಲಿ ಅಂತ ಕೇಳಿದ್ದೀರಿ. ಉತ್ತರ ಹೇಳೋಕೆ ಮುಂಚೆ ಒಂದು ದಿನ ಬೆಳಗ್ಗೆ ಏಳೂವರೆಗೆ ಹೊಸಕೋಟೆ ಹತ್ತಿರ ಹೆದ್ದಾರಿ ಪಕ್ಕ ನಿಂತು ನೋಡಿ ಅಂತೀನಿ. ಕೋಲಾರ, ಮುಳಬಾಗಿಲು ಕಡೆಯಿಂದ ಬರೋ ಬಸ್ಸುಗಳು ತುಂಬಿ ತುಳುಕ್ತಾ ಬೆಂಗಳೂರಿಗೆ ಹೋಗ್ತಿರ್ತವೆ, ಒಳಗೆ ನಮ್ಮ ಹುಡುಗರು ಬಾಯಿ ತೆರೆದು ನಿದ್ದೆ ಹೊಡೀತಿರ್ತಾರೆ. ಎದುರಿನಿಂದ ಬೆಂಗಳೂರಿನ ಬಸ್ಸು, ಕಾರುಗಳು ಕೋಲಾರಕ್ಕೆ ಬರ್ತಿರ್ತವೆ. ಅದರಲ್ಲಿ ನಮ್ಮ ಆಫೀಸಿನವರು, ಬ್ಯಾಂಕಿನವರು, ಮೇಷ್ಟ್ರುಗಳು, ಡಾಕ್ಟರುಗಳು. ಊರಲ್ಲಿ ಇರೋರಿಗೆ ಊರಲ್ಲಿ ಕೆಲಸ ಇಲ್ಲ, ಊರಲ್ಲಿ ಕೆಲಸ ಇರೋರು ಊರಲ್ಲಿ ಇರಲ್ಲ. ಸಂಜೆ ಮತ್ತೆ ಅದೇ ಹೊಸಕೋಟೆಯಲ್ಲಿ ಎರಡು ಸಾಲೂ ಒಂದನ್ನೊಂದು ದಾಟ್ತವೆ.

ಇದಕ್ಕೇ ಇಲ್ಲಿ ‘ಅಪ್ ಅಂಡ್ ಡೌನ್’ ಅನ್ನೋದು. ಹೆಣ್ಣು ನೋಡೋಕೆ ಹೋದಾಗಲೂ ‘ಹುಡುಗ ಬೆಂಗಳೂರಲ್ಲಿ ಇದ್ದಾನಾ, ಅಪ್ ಅಂಡ್ ಡೌನಾ?’ ಅಂತ ಕೇಳ್ತಾರೆ. ಬೇರೆ ಊರುಗಳಲ್ಲಿ ಊರು ಬಿಡೋದು ಅಂದ್ರೆ ಟ್ರಂಕು, ಹಾಸಿಗೆ, ಅಮ್ಮನ ಕಣ್ಣೀರು. ನಮಗೆ ಅದಿಲ್ಲ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಒಳಗೇ ಇರೋದರಿಂದ ದಿನಾ ಬೆಳಗ್ಗೆ ಊರು ಬಿಡ್ತೀವಿ, ದಿನಾ ರಾತ್ರಿ ವಾಪಸ್ ಬರ್ತೀವಿ. ಬಿಟ್ಟ ಹಾಗೂ ಅಲ್ಲ, ಉಳಿದ ಹಾಗೂ ಅಲ್ಲ.

ನಾನು ಒಂಬತ್ತು ವರ್ಷ ಹಾಗೆ ಮಾಡಿದವನು. ಬೆಳಗ್ಗೆ ಆರು ಗಂಟೆ ಒಳಗೆ ಬಸ್‌ಸ್ಟ್ಯಾಂಡು, ರಾತ್ರಿ ಒಂಬತ್ತಕ್ಕೆ ಮನೆ. ನನಗಿದ್ದ ಊರು ಅಂದ್ರೆ ಬಸ್‌ಸ್ಟ್ಯಾಂಡಿನಿಂದ ಟೇಕಲ್ ರಸ್ತೆವರೆಗಿನ ಕತ್ತಲು ಅಷ್ಟೆ. ಒಂದು ಸಲ ಬಾಗಿಲ ಚಿಲಕಕ್ಕೆ ಕಾರ್ಡೊಂದು ಸಿಕ್ಕಿಸಿತ್ತು, ಎದುರು ಮನೆ ಯಜಮಾನರ ಹನ್ನೊಂದನೇ ದಿನದ ಕಾರ್ಯ. ಅವರು ತೀರಿಹೋಗಿದ್ದೇ ನನಗೆ ಗೊತ್ತಿರಲಿಲ್ಲ. ಮನೆಯವಳು ಹೇಳಿದ್ದಳಂತೆ, ನಾನು ‘ಹೂಂ’ ಅಂದು ಮಲಗಿದ್ದೆನಂತೆ. ಆಮೇಲೆ ನಾಲ್ಕು ವರ್ಷ ಬೆಂಗಳೂರಲ್ಲೇ ಬಾಡಿಗೆ ಮನೆ. 2019ರಲ್ಲಿ ವಾಪಸ್ ಬಂದೆ. ಊರಿನ ಮೇಲಿನ ಪ್ರೀತಿಗೆ ಬಂದೆ ಅಂದ್ರೆ ಸುಳ್ಳಾಗುತ್ತೆ. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು, ಅದೇ ಹೊತ್ತಿಗೆ ನರಸಾಪುರದ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಕೆಲಸ ಸಿಕ್ತು. ಎರಡರಲ್ಲಿ ಒಂದು ಆಗದೇ ಹೋಗಿದ್ರೂ ನಾನು ಬರ್ತಿರಲಿಲ್ಲ.

ನರಸಾಪುರದ ವಿಷಯ ನಿಮಗೆ ಗೊತ್ತಿರಬೇಕು, ಯಾಕಂದ್ರೆ ನೀವು ಹುಡುಕೋ ಬಾಡಿಗೆ ಮನೆಯ ರೇಟು ನಿರ್ಧಾರ ಆಗೋದು ಅಲ್ಲಿ. ಕೋಲಾರ ದಾಟಿ ಬೆಂಗಳೂರಿನ ಕಡೆ ಹೋಗೋವಾಗ ಸಿಗುತ್ತೆ. 2013ರಲ್ಲಿ ಹೋಂಡಾ ಸ್ಕೂಟರಿನ ಕಾರ್ಖಾನೆ ಶುರುವಾಯ್ತು, ಆಮೇಲೆ ಐಫೋನ್ ಜೋಡಿಸೋದೂ ಬಂತು. ಮೊದಲು ರಾಗಿ, ನೀಲಗಿರಿ ಬೆಳೀತಿದ್ದ ನೆಲ. ಈಗ ಶಿಫ್ಟ್ ಬದಲಾಗೋ ಹೊತ್ತಿಗೆ ಕಂಪನಿ ಬಸ್ಸುಗಳು ಹಳ್ಳಿ ಹಳ್ಳಿಗೂ ಹೋಗಿ ಹುಡುಗಿಯರನ್ನ ಹತ್ತಿಸಿಕೊಂಡು ಬರ್ತವೆ. ಹೊರರಾಜ್ಯದ ಹುಡುಗರು ಎಂಟೆಂಟು ಜನ ಸೇರಿ ಒಂದು ಮನೆ ಹಿಡೀತಾರೆ. ಅದಕ್ಕೇ ಸಂಸಾರಸ್ಥರಿಗೆ ಮನೆ ಕೊಡ್ತೀವಿ ಅನ್ನೋ ಮಾಲೀಕರನ್ನ ಸ್ವಲ್ಪ ಹುಡುಕಬೇಕು. ಇದ್ದಾರೆ, ನಿಮ್ಮಂಥ ಮೇಷ್ಟ್ರು ಅಂದ್ರೆ ಅಡ್ವಾನ್ಸಿನಲ್ಲೂ ಕಮ್ಮಿ ಮಾಡ್ಕೊಳ್ತಾರೆ.

ಇನ್ನು ನೀವು ನಾಲ್ಕು ಸಲ ಕೇಳಿದ ಭಾಷೆ ವಿಷಯ. ‘ಅಲ್ಲಿ ಎಲ್ಲ ತೆಲುಗಂತೆ, ಹೌದಾ?’

ಹೌದು. ಆದ್ರೆ ನೀವು ಅಂದ್ಕೊಂಡಿರೋ ಹಾಗಲ್ಲ. ನಮ್ಮಮ್ಮ ಬೈಯೋದು ತೆಲುಗಲ್ಲಿ, ಹಾಲಿನ ಲೆಕ್ಕ ಬರೆಯೋದು ಕನ್ನಡದಲ್ಲಿ. ದೇವರ ಮುಂದೆ ಯಾವ ಭಾಷೆ ಅನ್ನೋದು ದೇವರ ಮೇಲೆ ಹೋಗುತ್ತೆ, ತಿರುಪತಿ ತಿಮ್ಮಪ್ಪನಿಗೆ ತೆಲುಗು, ಕೋಲಾರಮ್ಮನಿಗೆ ಕನ್ನಡ. ಗಲ್‌ಪೇಟೆ ಕಡೆ ಹೋದ್ರೆ ಉರ್ದು ಕೇಳಿಸುತ್ತೆ, ಕೆಜಿಎಫ್‌ಗೆ ಹೋದ್ರೆ ತಮಿಳು. ಮುಳಬಾಗಿಲು ಅನ್ನೋ ಹೆಸರೇ ಮೂಡಲ ಬಾಗಿಲು. ಬಾಗಿಲು ಅಂದ ಮೇಲೆ ಒಳಗಿನವರೂ ಹೊರಗಿನವರೂ ಓಡಾಡ್ತಾರೆ. ಡಿ.ವಿ.ಜಿ. ಹುಟ್ಟಿದ್ದು ಆ ಮುಳಬಾಗಿಲಲ್ಲಿ. ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಬಂದ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಹೀಗಿದ್ದೂ ಬೆಂಗಳೂರಿನ ಕೆಲವರು ‘ನಿಮ್ಮದು ಆಂಧ್ರನಾ?’ ಅಂತ ಕೇಳಿದಾಗ ಮೈ ಉರಿಯುತ್ತೆ. ಅತ್ತ ಕುಪ್ಪಂ, ಪಲಮನೇರು ಕಡೆ ನೆಂಟರ ಮನೆಗೆ ಹೋದ್ರೆ ‘ನಿಮ್ಮದು ಕನ್ನಡದ ತೆಲುಗು’ ಅಂತ ನಗ್ತಾರೆ. ಎರಡು ಕಡೆಯೂ ಅರ್ಧ ಟಿಕೆಟ್ ನಾವು.

ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ತಮ್ಮತಮ್ಮಲ್ಲೇ ತೆಲುಗಲ್ಲಿ ಮಾತಾಡ್ತಾರೆ, ಪರೀಕ್ಷೆ ಬರೆಯೋದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ಮೊದಲ ವಾರ ನಿಮ್ಮ ‘ಹೌದ್ರಿ, ಬರ್ರಿ’ಗೆ ನಗ್ತಾರೆ, ಎರಡನೇ ವಾರ ಅವರೇ ಅದನ್ನ ಆಡೋಕೆ ಶುರು ಮಾಡ್ತಾರೆ. ನಿಮ್ಮ ಮನೆಯವರು ತರಕಾರಿಗೆ ಹೋದಾಗ ಕನ್ನಡದಲ್ಲೇ ಮಾತಾಡಲಿ, ಯಾರೂ ಉತ್ತರ ಕೊಡದೇ ಇರಲ್ಲ. ಒಂದೇ ತೊಂದರೆ, ಕಾಳಜಿ ಜಾಸ್ತಿ ಆದಾಗ ಪಕ್ಕದ ಮನೆಯವರು ತೆಲುಗಿಗೆ ಜಾರಿಬಿಡ್ತಾರೆ. ‘ತಿನ್ನಾರಾ?’ ಅಂದ್ರೆ ಊಟ ಆಯ್ತಾ ಅಂತ. ಅಷ್ಟು ಕಲಿತ್ರೆ ಸಾಕು.

ನೀರಿನ ವಿಷಯಕ್ಕೆ ಬರ್ತೀನಿ, ಅದನ್ನ ಬೇಗ ಮುಗಿಸೋಕಾಗಲ್ಲ. ವರ್ಷವಿಡೀ ಹರಿಯೋ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ನೀವು ವರದೆ, ತುಂಗಭದ್ರೆ ನೋಡಿ ಬೆಳೆದವರು, ಇಲ್ಲಿ ನದಿ ಅಂದ್ರೆ ಸೇತುವೆ ಕೆಳಗಿನ ಮರಳು. ಪಾಲಾರ್ ನಮ್ಮ ಜಿಲ್ಲೆ ದಾಟಿ ಹೋಗುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ, ನೀರಿರೋ ಪಾಲಾರ್ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಹಿಂದಿನವರು ಅದಕ್ಕೇ ಸಾವಿರಾರು ಕೆರೆ ಕಟ್ಟಿದ್ರು, ಒಂದರ ಕೋಡಿ ಇನ್ನೊಂದಕ್ಕೆ. ನಾವು ಬೋರ್ ಕೊರೆದ್ವಿ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ. ಅಷ್ಟು ಆಳದಿಂದ ಬಂದ ನೀರಲ್ಲಿ ಫ್ಲೋರೈಡು. ನಮ್ಮ ಹಳ್ಳಿಗಳಲ್ಲಿ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರನ್ನ ನೋಡಿದಾಗ ಬೀಡಿ ಚಟ ಅಂದ್ಕೋಬೇಡಿ. ಕುಡಿಯೋಕೆ ಎಲ್ಲರೂ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಳ್ತಾರೆ, ಭಾನುವಾರ ನೀವೂ ಎರಡು ಕ್ಯಾನ್ ಹಿಡಿದು ಸಾಲಲ್ಲಿ ನಿಲ್ತೀರಿ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿಟ್ರು. ಕೆ.ಸಿ. ವ್ಯಾಲಿ ಯೋಜನೆ ಅದು, ಮೊದಲ ಹಂತದಲ್ಲಿ 126 ಕೆರೆ. ಮುಂದಿನ ತಿಂಗಳೇ ನೊರೆ ಎದ್ದು ಹೈಕೋರ್ಟ್ ತಡೆ ಕೊಡ್ತು, ಅದು ತೆರವಾದ ಮೇಲೆ 2019ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಆಮೇಲೆ ತೆಗೀತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಹೋರಾಟಗಾರರು ಇವತ್ತಿಗೂ ಕೇಳ್ತಿದ್ದಾರೆ, ಅವರು ಕೇಳೋದು ಸರಿ. ಬೇರೆಯವರ ಬಚ್ಚಲ ನೀರು ಅಂತ ನಮ್ಮಪ್ಪ ಮೂಗು ಮುಚ್ಚಿಕೊಳ್ತಿದ್ರು. ನಾನು, ‘ಅಪ್ಪ, ನಿನ್ನ ಮಗ ಬೆಂಗಳೂರಲ್ಲಿ ಸ್ನಾನ ಮಾಡಿದ ನೀರೂ ಅದರಲ್ಲಿದೆ, ನನಗಿಂತ ಮೊದಲು ಊರಿಗೆ ಬಂದಿದೆ ನೋಡು’ ಅಂದಿದ್ದೆ. ನಗಲಿಲ್ಲ. ಆದ್ರೆ ಇಪ್ಪತ್ತು ವರ್ಷ ಒಣಗಿ ಜಾಲಿ ಬೆಳೆದಿದ್ದ ಕೆರೆ ತುಂಬಿ, ಪಕ್ಕದ ತೋಟದ ಸತ್ತ ಬೋರಲ್ಲಿ ನೀರು ಬಂದ ದಿನ ಅವರೇ ವಾಕರ್ ಹಿಡ್ಕೊಂಡು ಏರಿ ಮೇಲೆ ಹೋಗಿ ನೋಡ್ಕೊಂಡು ಬಂದ್ರು.

ನಲ್ಲಿ ನೀರಿಗೆ ಯರಗೋಳು ಇದೆ. ಬಂಗಾರಪೇಟೆ ತಾಲ್ಲೂಕಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು. ಗಡಿಯ ಆಚೆ ನೀರು ಕಮ್ಮಿ ಆಗುತ್ತೆ ಅಂತ ತಮಿಳುನಾಡು ಕೋರ್ಟಿಗೆ ಹೋಗಿತ್ತು. ಎಳೆದಾಡಿ ಎಳೆದಾಡಿ 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಹಾಗಂತ ನಲ್ಲಿ ತಿರುಗಿಸಿದಾಗೆಲ್ಲ ನೀರು ಬರುತ್ತೆ ಅಂದ್ಕೋಬೇಡಿ. ಮನೆ ನೋಡೋವಾಗ ಹಾಲ್ ಎಷ್ಟು ದೊಡ್ಡದು ಅಂತ ಕೇಳಬೇಡಿ, ಸಂಪು ಎಷ್ಟು ದೊಡ್ಡದು ಅಂತ ಕೇಳಿ.

ಊಟದ ಬಗ್ಗೆ ಹೆಚ್ಚು ಹೇಳಲ್ಲ. ರೊಟ್ಟಿ ತಟ್ಟೋರು ಸಿಗೋದು ಕಷ್ಟ, ಮುದ್ದೆ ಕಲೀರಿ. ಚಳಿಗಾಲದಲ್ಲಿ ಅವರೆಕಾಯಿ ಬಂದ ಮೇಲೆ ಹಾವೇರಿ ನೆನಪಾಗಲ್ಲ. ಬಂಗಾರಪೇಟೆ ಪಾನಿಪುರಿಯ ನೀರು ಬೆಳ್ಳಗೆ ತಿಳಿಯಾಗಿರುತ್ತೆ, ಬರೀ ನೀರು ಕೊಟ್ರು ಅಂತ ಜಗಳ ತೆಗೀಬೇಡಿ, ಕುಡಿದ ಮೇಲೆ ಗೊತ್ತಾಗುತ್ತೆ.

ಇಲ್ಲಿ ಉಳಿದವರು ಏನು ಮಾಡಿ ಬದುಕ್ತಾರೆ ಅಂತಲೂ ಕೇಳಿದ್ರಿ. ಹಾಲು, ಹಿಪ್ಪುನೇರಳೆ, ಮಾವು, ಎಲ್ಲಕ್ಕಿಂತ ಮೇಲೆ ಟೊಮೆಟೊ. ಎಪಿಎಂಸಿ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ. ಹದಿನೈದು ಕೆ.ಜಿ.ಯ ಬಾಕ್ಸುಗಳು ಕಣ್ಣು ಹಾಯೋವರೆಗೂ, ನಾಲ್ಕು ಭಾಷೆಯಲ್ಲಿ ಕೂಗು, ಹೊರಗೆ ಉತ್ತರ ಭಾರತಕ್ಕೆ ಹೊರಟ ಲಾರಿಗಳು. 2023ರ ಜುಲೈನಲ್ಲಿ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ರು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನ ರಸ್ತೆಗೆ ಸುರಿದು ಹೋಗಿದ್ದೂ ಇದೆ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಟೊಮೆಟೊ ಹಾಕಿದ. ಒಂದು ವರ್ಷ ಕಾರು ತಗೊಂಡ, ಮುಂದಿನ ವರ್ಷ ಮಂಡಿಯಲ್ಲಿ ತಗೊಂಡ ಸಾಲಕ್ಕೆ ಆ ಕಾರು ಮಾರಿದ, ಈಗ ಮತ್ತೆ ಅಪ್ ಅಂಡ್ ಡೌನ್.

ಕೆಜಿಎಫ್ ಊರನ್ನ ನೋಡಿದ ಮೇಲೆ ನನಗೆ ನಮ್ಮೂರಿನ ಭಯ ಹುಟ್ಟಿದ್ದು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ತರಿಸಿಕೊಂಡ ಊರು ಅದು, ಬೆಂಗಳೂರಿಗೆ ಬೀದಿ ದೀಪ ಬಂದಿದ್ದು ಅದಕ್ಕೂ ಮೂರು ವರ್ಷ ತಡವಾಗಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಅವತ್ತಿನಿಂದ ಅಲ್ಲಿನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡೋ ರೈಲೇ ಊರಿನ ಗಣಿ, ನಸುಕಿಗೆ ಅದರೊಳಗೆ ಇಳೀತಾರೆ, ರಾತ್ರಿ ಮೇಲೆ ಬರ್ತಾರೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಕೋಲಾರಕ್ಕೆ ಇತ್ತು, ಇದೆ. ಜಿಲ್ಲಾ ಕೇಂದ್ರ ಇದು, ಕಚೇರಿಗಳಿವೆ, ಕಾಲೇಜುಗಳಿವೆ, ಟಮಕದಲ್ಲಿ ಮೆಡಿಕಲ್ ಕಾಲೇಜೂ ಇದೆ. ಸಂಬಳ ಇಲ್ಲಿಂದ ತಗೊಂಡು ಅಕ್ಕಿ ಬೇಳೆ ಬೆಂಗಳೂರಲ್ಲಿ ತಗೊಳ್ಳೋರು ಇಷ್ಟು ಜನ ಇಲ್ಲದೇ ಇದ್ದಿದ್ರೆ ದೊಡ್ಡಪೇಟೆಯಲ್ಲಿ ಒಂದೆರಡು ಒಳ್ಳೆ ಪುಸ್ತಕದ ಅಂಗಡಿಯಾದ್ರೂ ಉಳೀತಿತ್ತೇನೋ. ಸಂಜೆ ಐದಕ್ಕೆ ಬಸ್ಸು ಹಿಡಿಯೋ ಮೇಷ್ಟ್ರು ನಾಲ್ಕಕ್ಕೇ ಗಡಿಯಾರ ನೋಡ್ತಾರೆ. ಪಾಠ ಮುಗಿದ ಮೇಲೆ ಅನುಮಾನ ಕೇಳೋಕೆ ಬಂದ ಹುಡುಗ ಖಾಲಿ ಸ್ಟಾಫ್ ರೂಮ್ ನೋಡಿ ವಾಪಸ್ ಹೋಗ್ತಾನೆ. ಆ ಹುಡುಗ ನಾನೂ ಆಗಿದ್ದೆ, ಅದಕ್ಕೇ ಈ ಮಾತು ಸ್ವಲ್ಪ ಖಾರವಾಗಿ ಬಂತು.

ನಿಮ್ಮ ಸಹೋದ್ಯೋಗಿಗಳು ಹೇಳೋದರಲ್ಲಿ ನಿಜವೂ ಇದೆ. 2023ರ ಅಕ್ಟೋಬರ್‌ನಿಂದ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿ ದಾಟಿ ಮೆಟ್ರೋ ಓಡ್ತಿದೆ, ಅಲ್ಲಿದ್ರೆ ನಿಮ್ಮ ಮನೆಯವರು ಕೆಲಸ ಹುಡುಕೋದು ಸುಲಭ. ದೊಡ್ಡ ಮಗಳು ಪಿಯುಸಿ ಅಂದ್ರಿ, ಕೋಚಿಂಗು ಅದು ಇದು ಅಂದ್ರೆ ಬೆಂಗಳೂರೇ. ನನ್ನ ತಮ್ಮ ಆ ಕಾರಣಕ್ಕೇ ಹೋಗಿ ಅಲ್ಲೇ ಉಳಿದ, ವಾಪಸ್ ಬರಲ್ಲ, ಬಾ ಅಂತ ನಾನೂ ಹೇಳಲ್ಲ. ಮಗಳ ಓದೇ ಮುಖ್ಯ ಅಂದ್ರೆ ಎರಡು ವರ್ಷ ಅಲ್ಲೇ ಇರಿ, ನಾನು ತಪ್ಪು ಅನ್ನಲ್ಲ. ಆದ್ರೆ ‘ಕೋಲಾರದಲ್ಲಿ ಏನಿದೆ’ ಅನ್ನೋ ಕಾರಣಕ್ಕೆ ಬೇಡ. ನಿಮಗೆ ಹಾಗೆ ಹೇಳ್ತಿರೋರು ಬಸ್‌ಸ್ಟ್ಯಾಂಡಿನಿಂದ ಕಾಲೇಜು, ಕಾಲೇಜಿನಿಂದ ಬಸ್‌ಸ್ಟ್ಯಾಂಡು ಬಿಟ್ಟು ಬೇರೇನೂ ನೋಡಿದವರಲ್ಲ. ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳೋ ನೀರಿಗೆ ಕೈ ಒಡ್ಡಿದವರು ಅವರಲ್ಲಿ ಎಷ್ಟು ಜನ ಅಂತ ಒಂದು ಸಲ ಕೇಳಿ ನೋಡಿ.

ನಾನಾಗಿದ್ರೆ ಇಲ್ಲೇ ಮನೆ ಮಾಡ್ತಿದ್ದೆ. ನಮ್ಮ ಬೀದಿಯಲ್ಲೇ ಒಂದು ಮಹಡಿ ಮನೆ ಖಾಲಿ ಇದೆ. ಹೇಳಿದ್ನಲ್ಲ, ಆ ಎದುರು ಮನೆ. ಯಜಮಾನಮ್ಮ ಕೆಳಗೆ ಒಬ್ಬರೇ ಇದ್ದಾರೆ, ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಸಂಪು ದೊಡ್ಡದು, ಬೋರ್ ಇಲ್ಲ. ಈ ವಾರ ನಮ್ಮ ಬೀದಿಗೆ ನೀರು ಬಿಡೋದು ಭಾನುವಾರ ಬೆಳಗ್ಗೆ. ಆಗಲೇ ಬನ್ನಿ, ನಲ್ಲಿ ತಿರುಗಿಸಿಯೇ ನೋಡಬಹುದು. ಮನೆಯವರನ್ನೂ ಕರ್ಕೊಂಡು ಬನ್ನಿ, ಆಕೆ ‘ತಿನ್ನಾರಾ?’ ಅಂತ ಕೇಳ್ತಾರೆ, ಆಯ್ತು ಅನ್ನಬೇಡಿ, ನನಗೂ ತಿಂಡಿ ಅಲ್ಲೇ.