ಮಲ್ಟಿವ್ಯಾಕ್ ಮೊದಲು ಬೆಳೆದು ಆಮೇಲೆ ಕುಗ್ಗಿದ್ದೇಕೆ?

ಪ್ರಶ್ನೆ: ಐಸಾಕ್ ಅಸಿಮೋವ್ ಅವರ ‘ದಿ ಲಾಸ್ಟ್ ಕ್ವೆಶ್ಚನ್’ ಕಥೆಯಲ್ಲಿ ಮಲ್ಟಿವ್ಯಾಕ್ ಎಂಬ ಕಂಪ್ಯೂಟರ್ ಮೊದಲು ಮೈಲಿಗಟ್ಟಲೆ ಹರಡಿಕೊಂಡಿರುತ್ತದೆ, ಮುಂದೆ ಅಂತರಿಕ್ಷ ನೌಕೆಯೊಳಗೆ ಹಿಡಿಸುವಷ್ಟಾಗಿ, ಕೊನೆಗೆ ಕಣ್ಣಿಗೇ ಕಾಣದಂತಾಗುತ್ತದೆ. ಹೀಗೆ ಬೆಳೆದು ಕುಗ್ಗುವುದಕ್ಕೆ ವೈಜ್ಞಾನಿಕ ಕಾರಣವಿದೆಯೇ? ಅಲ್ಲಿ ಬರುವ ‘ಅಣು ವಾಲ್ವ್’ಗೂ ರೇಡಿಯೊ ರಿಪೇರಿ ಮಾಡುತ್ತಿದ್ದ ನಮ್ಮ ತಂದೆಯವರು ಬದಲಿಸುತ್ತಿದ್ದ ಗಾಜಿನ ವಾಲ್ವ್‌ಗೂ ಸಂಬಂಧವಿದೆಯೇ?
— ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸಂಬಂಧ ಖಂಡಿತ ಇದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ಹಳೆಯ ರೇಡಿಯೊದ ಗುಂಡಿ ತಿರುಗಿಸಿದ ಕೂಡಲೇ ಹಾಡು ಕೇಳಿಸುತ್ತಿರಲಿಲ್ಲ. ಗಾಜಿನ ಬುರುಡೆಯೊಳಗಿನ ತಂತಿ ಕೆಂಪಗಾಗಿ ಎಲೆಕ್ಟ್ರಾನುಗಳನ್ನು ಹೊರಸೂಸುವವರೆಗೆ ಸ್ವಲ್ಪ ಹೊತ್ತು ತಡೆಯಬೇಕಿತ್ತು. ಆ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ಹರಿದು ಎದುರಿನ ಲೋಹದ ತಗಡನ್ನು ಸೇರುವ ದಾರಿಯಲ್ಲಿ ಒಂದು ಜಾಲರಿ ಇರುತ್ತದೆ. ಕಾಲುವೆಯ ತೂಬು ನೀರನ್ನು ಬಿಡುವಂತೆ, ತಡೆಯುವಂತೆ ಆ ಜಾಲರಿ ವಿದ್ಯುತ್ತನ್ನು ಬಿಡುತ್ತದೆ, ತಡೆಯುತ್ತದೆ. ಲೆಕ್ಕ ಮಾಡುವ ಯಂತ್ರಕ್ಕೆ ಬೇಕಾದದ್ದು ಇಂಥ ತೂಬುಗಳೇ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಯಂತ್ರದಲ್ಲಿ ಅಂಥ ಸುಮಾರು 18,000 ವಾಲ್ವ್‌ಗಳಿದ್ದವು; ಅದರ ತೂಕ ಸುಮಾರು 30 ಟನ್, ಅದಕ್ಕೆ ಬೇಕಾದ ಜಾಗ ಸುಮಾರು 1,800 ಚದರ ಅಡಿ. ನಿಮ್ಮ ಊರಿನ ಗೋಳಗುಮ್ಮಟದ ನೆಲ 18,000 ಚದರ ಅಡಿಗಿಂತ ತುಸು ಹೆಚ್ಚಿದೆಯಾದ್ದರಿಂದ ಅಂಥ ಹತ್ತು ಯಂತ್ರಗಳನ್ನು ಅಲ್ಲಿ ಹರಡಬಹುದಿತ್ತು.

1951ರಲ್ಲಿ ಅಮೆರಿಕದ ಜನಗಣತಿ ಇಲಾಖೆ ಯುನಿವ್ಯಾಕ್ ಎಂಬ ಕಂಪ್ಯೂಟರನ್ನು ಪಡೆಯಿತು. ಆ ಹೆಸರಿಗೆ ‘ಸಾರ್ವತ್ರಿಕ ಸ್ವಯಂಚಾಲಿತ ಗಣಕ’ ಎಂದಷ್ಟೇ ಅರ್ಥ. ಅಸಿಮೋವ್ ‘ಯುನಿ’ ಎಂದರೆ ಒಂದು, ‘ವ್ಯಾಕ್’ ಎಂದರೆ ನಿರ್ವಾತದ (ವ್ಯಾಕ್ಯೂಮ್) ವಾಲ್ವ್ ಎಂದುಕೊಂಡು ಅದನ್ನು ‘ಒಂದೇ ವಾಲ್ವಿನ ಯಂತ್ರ’ ಎಂದು ತಪ್ಪಾಗಿ ತಿಳಿದು, ಹಲವು ವಾಲ್ವುಗಳದ್ದು ಇನ್ನೂ ಬಲಶಾಲಿಯಾಗಿರಬೇಕೆಂದು ತಮ್ಮ ಯಂತ್ರಕ್ಕೆ ಮಲ್ಟಿವ್ಯಾಕ್ ಎಂದು ಹೆಸರಿಟ್ಟರು. ಯಂತ್ರ ಏಕೆ ಬೆಳೆಯಿತೆಂಬುದು ಈ ಹೆಸರಿನಲ್ಲೇ ಅಡಗಿದೆ. ತೂಬಿನ ಗಾತ್ರವನ್ನು ಕುಗ್ಗಿಸಲಾಗದಿದ್ದಾಗ ಶಕ್ತಿ ಹೆಚ್ಚಿಸಲು ತೂಬುಗಳ ಸಂಖ್ಯೆಯನ್ನೇ ಹೆಚ್ಚಿಸಬೇಕು, ಅದರ ಜೊತೆಗೆ ಕಟ್ಟಡವೂ ಬೆಳೆಯಬೇಕು. ಕಥೆಯ ಎರಡನೆಯ ಭಾಗಕ್ಕೆ ಬರುವ ಹೊತ್ತಿಗೆ ಗ್ರಹಕ್ಕೊಂದರಂತೆ ಇದ್ದ ಕಂಪ್ಯೂಟರುಗಳು ಸಾವಿರ ವರ್ಷ ಬೆಳೆದು 100 ಚದರ ಮೈಲಿ ಆವರಿಸಿದ್ದವೆಂದೂ, ಟ್ರಾನ್ಸಿಸ್ಟರುಗಳ (ಗಾಜು, ನಿರ್ವಾತ ಇಲ್ಲದೆಯೇ ತೂಬಿನ ಕೆಲಸ ಮಾಡುವ ಪುಟ್ಟ ಭಾಗಗಳ) ಜಾಗಕ್ಕೆ ಅಣು ವಾಲ್ವ್‌ಗಳು ಬಂದದ್ದರಿಂದ ಅವು ಒಮ್ಮೆಲೇ ಕುಗ್ಗಿದವೆಂದೂ ಹೇಳಿದೆ. ವಸ್ತು ಬದಲಾಗಿದೆ, ತೂಬಿನ ಕೆಲಸ ಮಾತ್ರ ಬದಲಾಗಿಲ್ಲ.

ವಾಸ್ತವದಲ್ಲಿ ಸಾವಿರ ವರ್ಷ ಬೇಕಾಗಲಿಲ್ಲ. 1947ರಲ್ಲಿ ಟ್ರಾನ್ಸಿಸ್ಟರ್, 1958ರಲ್ಲಿ ಹಲವು ಭಾಗಗಳನ್ನು ಒಂದೇ ತುಣುಕಿನಲ್ಲಿ ಕೂಡಿಸುವ ಚಿಪ್ ಬಂದವು. 1971ರ ಇಂಟೆಲ್ 4004 ಚಿಪ್ಪಿನಲ್ಲಿ, ಬೆರಳ ಉಗುರಿಗಿಂತ ಚಿಕ್ಕ ಜಾಗದಲ್ಲಿ, 2,300 ಟ್ರಾನ್ಸಿಸ್ಟರುಗಳಿದ್ದವು.

ಆದರೆ ಕುಗ್ಗುವುದು ಜಾಗ ಉಳಿಸುವುದಕ್ಕಾಗಿ ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನೀವು ಚಪ್ಪಾಳೆ ತಟ್ಟಿದರೆ ಸದ್ದು ಸುಮಾರು 38 ಮೀಟರ್ ಒಳವ್ಯಾಸವನ್ನು ದಾಟಿ ಎದುರಿನ ಗೋಡೆ ಮುಟ್ಟಲು ಒಂದು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಹಿಡಿಯುತ್ತದೆ. ವಿದ್ಯುತ್ ಸಂಕೇತಕ್ಕೂ ಹೀಗೆಯೇ ಸಮಯ ಬೇಕು. ಅದು ಬೆಳಕಿನ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರನ್ನು, ಮೀರಲಾರದು. ಹತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲದ ಯಂತ್ರದ ಒಂದು ಅಂಚಿನಿಂದ ಇನ್ನೊಂದಕ್ಕೆ ಬೆಳಕು ಹೋಗುವಷ್ಟರಲ್ಲಿ, ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಇಂದಿನ ಪ್ರೊಸೆಸರ್ ಸುಮಾರು 1.6 ಲಕ್ಷ ಸಲ ಮಿಡಿದಿರುತ್ತದೆ. ಅಷ್ಟು ದೊಡ್ಡ ಯಂತ್ರದ ಒಂದು ಮೂಲೆ ಇನ್ನೊಂದು ಮೂಲೆಗಾಗಿ ಕಾಯುತ್ತಲೇ ಇರಬೇಕಾಗುತ್ತದೆ. ವೇಗ ಬೇಕೆಂದರೆ ತೂಬುಗಳು ಹತ್ತಿರ ಬರಲೇಬೇಕು.

ನನಗೆ ಬಹಳ ಮೆಚ್ಚುಗೆಯಾದದ್ದು ಮೂರನೆಯ ಭಾಗ. ಅಲ್ಲಿ ಒಂದು ಪಾತ್ರದ ಜೇಬಿನಲ್ಲಿ ಎರಡು ಇಂಚಿನ ಘನವೊಂದಿದೆ; ಅದಕ್ಕೆ ಸ್ವಂತ ಬುದ್ಧಿಯಿಲ್ಲ, ಸಾವಿರ ಅಡಿ ಅಗಲದ ದೂರದ ‘ಗೆಲಾಕ್ಟಿಕ್ ಎಸಿ’ ಎಂಬ ಕಂಪ್ಯೂಟರಿಗೆ ಅದು ಸಂಪರ್ಕ ಹೊಂದಿದೆ. ಇಂದು ಕೈಯಲ್ಲಿ ಮೊಬೈಲ್, ಎಲ್ಲೋ ದೂರದಲ್ಲಿ ಹತ್ತಾರು ಎಕರೆಯ ಡೇಟಾ ಸೆಂಟರ್ ಇರುವ ನಮ್ಮ ವ್ಯವಸ್ಥೆಯನ್ನು 1956ರಲ್ಲೇ ಕಂಡಂತಿದೆ. ಆದ್ದರಿಂದ ಕುಗ್ಗುವಿಕೆ ಬೆಳವಣಿಗೆಯನ್ನು ಅಳಿಸಿಹಾಕಿತೆಂದು ಹೇಳಲಾಗದು. ಎರಡೂ ಒಟ್ಟಿಗೇ ನಡೆದಿವೆ.

ಮುಂದಿನ ಭಾಗಗಳಲ್ಲಿ ಯಂತ್ರದ ಬಹುಪಾಲು ಹೈಪರ್‌ಸ್ಪೇಸ್ ಎಂಬ ಕಲ್ಪಿತ ತಾಣಕ್ಕೆ ಸರಿದು, ಕೊನೆಗೆ ವಸ್ತುವೂ ಅಲ್ಲದ ಶಕ್ತಿಯೂ ಅಲ್ಲದ ಸ್ಥಿತಿಗೆ ತಲುಪುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಕಥೆಯ ಒಳಗೆ ಇದು ಅನಿವಾರ್ಯವೆಂದು ನನ್ನ ಅಭಿಪ್ರಾಯ. ಎಲ್ಲ ಯಂತ್ರಗಳಿಗೂ ಕೇಳುವ ಪ್ರಶ್ನೆ ಒಂದೇ: ಎಂಟ್ರೊಪಿಯನ್ನು, ಅಂದರೆ ಶಕ್ತಿ ಬಿಸಿಯಾಗಿ ಚದುರಿ ಬಳಕೆಗೆ ಬಾರದಂತಾಗುವುದನ್ನು, ಹಿಂದಕ್ಕೆ ತಿರುಗಿಸಬಹುದೇ? ಕಥೆ ಪ್ರಕಟವಾದ ಐದು ವರ್ಷಗಳ ಮೇಲೆ, 1961ರಲ್ಲಿ, ಐಬಿಎಂ ವಿಜ್ಞಾನಿ ರಾಲ್ಫ್ ಲಾಂಡವರ್, ಒಂದು ಬಿಟ್ (0 ಅಥವಾ 1 ಎಂಬ ಅತಿ ಚಿಕ್ಕ ತುಣುಕು) ಮಾಹಿತಿಯನ್ನು ಅಳಿಸಿದರೂ ಇಂತಿಷ್ಟು ಕನಿಷ್ಠ ಶಾಖ ಹೊರಬೀಳಲೇಬೇಕೆಂದು ತೋರಿಸಿದರು. ಉರಿಯುತ್ತಿರುವ ವಾಲ್ವನ್ನು ಮುಟ್ಟಿದರೆ ಬೆರಳು ಸುಡುತ್ತದೆಂದು ನಿಮ್ಮ ತಂದೆಯವರು ಬಲ್ಲರು. ಲಾಂಡವರ್ ಹೇಳಿದ ಶಾಖ ಅದರ ಮುಂದೆ ಅತ್ಯಲ್ಪವಾದರೂ ಮಾಹಿತಿಯನ್ನು ಅಳಿಸುತ್ತ ಸಾಗುವ, ವಸ್ತುವಿನಿಂದಾದ ಯಾವ ಯಂತ್ರವೂ ಅದನ್ನು ಪೂರ್ತಿ ತಪ್ಪಿಸಿಕೊಳ್ಳಲಾರದು. ನಕ್ಷತ್ರಗಳೆಲ್ಲ ಆರಿದ ಮೇಲೂ ಯೋಚಿಸುತ್ತ ಉಳಿಯಬೇಕಾದ ಯಂತ್ರಕ್ಕೆ ಅಸಿಮೋವ್ ವಾಲ್ವನ್ನಾಗಲಿ ತಂತಿಯನ್ನಾಗಲಿ ಉಳಿಸಲಿಲ್ಲ.